ಫ್ಲಿನ್ ಫ್ಲಾನ್ ಬಾಂಬರ್ಸ್: ಗಣಿಯೂರಿನ ಹುಡುಗರ ನೂರು ವರ್ಷ

1927ರಲ್ಲಿ ಕೆನಡಾದ ಮ್ಯಾನಿಟೋಬಾ ಪ್ರಾಂತದ ಉತ್ತರದ ಕಾಡಿನಲ್ಲಿ ಎರಡು ಸಂಸ್ಥೆಗಳು ಹುಟ್ಟಿದವು. ಒಂದು, ತಾಮ್ರ ಮತ್ತು ಸತುವಿನ ಅದಿರು ತೆಗೆಯಲು ನಿಂತ ಹಡ್ಸನ್ ಬೇ ಮೈನಿಂಗ್ ಅಂಡ್ ಸ್ಮೆಲ್ಟಿಂಗ್ ಕಂಪನಿ. ಇನ್ನೊಂದು, ಬಾಂಬರ್ಸ್ ಎಂಬ ಐಸ್ ಹಾಕಿ ತಂಡ. ಆಗಿನ್ನೂ ಆ ಜಾಗಕ್ಕೆ ರೈಲು ಬಂದಿರಲಿಲ್ಲ. ಹಳಿ ಮುಟ್ಟಿದ್ದು ಮರುವರ್ಷ. ಕುಲುಮೆ ಹೊತ್ತಿಕೊಂಡಿದ್ದು 1930ರಲ್ಲಿ. ಪುರಸಭೆ ಆದದ್ದು 1933ರಲ್ಲಿ. ಅಂದರೆ ಊರು ಊರೆನಿಸಿಕೊಳ್ಳುವ ಮೊದಲೇ ಅಲ್ಲಿ ಹಾಕಿ ತಂಡವಿತ್ತು. 2027ಕ್ಕೆ ಆ ತಂಡಕ್ಕೆ ನೂರು ತುಂಬುತ್ತದೆ. ಅದರ ಜೊತೆ ಹುಟ್ಟಿದ ಗಣಿಯಲ್ಲಿ ಈಗ ಕೆಲಸ ನಡೆಯುತ್ತಿಲ್ಲ, ತಂಡ ಮಾತ್ರ ಇನ್ನೂ ಆಡುತ್ತಿದೆ. ಈ ಲೇಖನ ಬರೆಯಲು ನನಗೆ ಅಷ್ಟೇ ಕಾರಣ ಸಾಕಾಯಿತು.

ಫ್ಲಿನ್ ಫ್ಲಾನ್ ಎಂಬ ಹೆಸರು ಕೇಳಿದವರೆಲ್ಲ ಒಮ್ಮೆ ತಿರುಗಿ ಕೇಳುತ್ತಾರೆ. ಅದರ ಹಿಂದಿನ ಕತೆ ಆ ಊರಿನ ಮಕ್ಕಳಿಗೆಲ್ಲ ಬಾಯಿಪಾಠ. 1905ರಲ್ಲಿ ಜೆ. ಇ. ಪ್ರೆಸ್ಟನ್ ಮಡಕ್ ಎಂಬ ಇಂಗ್ಲಿಷ್ ಲೇಖಕ ‘ದಿ ಸನ್‌ಲೆಸ್ ಸಿಟಿ’ ಎಂಬ ಅಗ್ಗದ ಸಾಹಸ ಕಾದಂಬರಿ ಬರೆದ. ಅದರ ನಾಯಕ ಜೊಸಾಯಾ ಫ್ಲಿಂಟಬಾಟಿ ಫ್ಲೊನಾಟಿನ್, ತಳವೇ ಇಲ್ಲದ ಸರೋವರವೊಂದಕ್ಕೆ ಜಲಾಂತರ್ಗಾಮಿಯಲ್ಲಿ ಇಳಿದು ಭೂಮಿಯ ಒಡಲಲ್ಲಿ ಚಿನ್ನದ ಊರನ್ನು ಕಾಣುತ್ತಾನೆ. ಟಾಮ್ ಕ್ರೈಟನ್ ಮತ್ತವನ ಜೊತೆಗಾರರು ಖನಿಜ ಹುಡುಕುತ್ತ ಕಾಡು ಅಲೆಯುವಾಗ ದಾರಿಯಲ್ಲಿ ಆ ಪುಸ್ತಕದ ಪ್ರತಿಯೊಂದು ಸಿಕ್ಕಿತಂತೆ. ಮುಂದೆ ಅದಿರು ಕಂಡಾಗ ಆ ಜಾಗಕ್ಕೆ ಕತೆಯ ನಾಯಕನ ಹೆಸರನ್ನೇ ಮೊಟಕು ಮಾಡಿ ಇಟ್ಟರು. ಅದಿರಿನ ತುಣುಕನ್ನು ಕ್ರೈಟನ್‌ಗೆ ಮೊದಲು ತೋರಿಸಿದವನು ಡೇವಿಡ್ ಕಾಲಿನ್ಸ್ ಎಂಬ ಸ್ಥಳೀಯ ಬೇಟೆಗಾರ. ಪಕ್ಕದ ಊರು ಕ್ರೈಟನ್ ಹೆಸರು ಹೊತ್ತಿತು. ಕಾದಂಬರಿಯ ನಾಯಕನಿಗೆ 1962ರಲ್ಲಿ ಊರ ಬಾಗಿಲಲ್ಲಿ ಎತ್ತರದ ಪ್ರತಿಮೆಯೂ ಆಯಿತು. ಅದರ ರೂಪ ಬರೆದುಕೊಟ್ಟವರು ಅಮೆರಿಕದ ಹೆಸರಾಂತ ವ್ಯಂಗ್ಯಚಿತ್ರಕಾರ ಆಲ್ ಕ್ಯಾಪ್. ಕಾಲಿನ್ಸ್‌ನ ಹೆಸರು ಇವರಿಬ್ಬರಷ್ಟು ಕೇಳಿಬರುವುದಿಲ್ಲ. ಗಣಿಯ ಇತಿಹಾಸ ಬರೆಯುವವರು ಅವನಿಂದಲೇ ಶುರುಮಾಡಬೇಕು ಎಂಬುದು ನನ್ನ ಅನಿಸಿಕೆ.

ಊರು ನಿಂತಿರುವುದು ಬರೀ ಬಂಡೆಯ ಮೇಲೆ. ಕೆನಡಿಯನ್ ಶೀಲ್ಡ್ ಎಂದು ಕರೆಯುವ, ಭೂಮಿಯ ಅತಿ ಹಳೆಯ ಕಲ್ಲಿನ ಹಾಸು ಅದು. ಅಡಿಪಾಯ ತೋಡಲು ಮಣ್ಣಿಲ್ಲ, ನೀರಿನ ಕೊಳವೆ ಹೂಳಲು ಜಾಗವಿಲ್ಲ. ಹಾಗಾಗಿ ಕೊಳವೆಗಳನ್ನು ನೆಲದ ಮೇಲೆಯೇ ಹಾಯಿಸಿ, ಹೆಪ್ಪುಗಟ್ಟದಂತೆ ಸುತ್ತ ಹಲಗೆಯ ಪೆಟ್ಟಿಗೆ ಕಟ್ಟಿದರು. ಜನ ಆ ಪೆಟ್ಟಿಗೆಗಳ ಮೇಲೆಯೇ ನಡೆದಾಡಿದರು. ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ ಮೂವತ್ತು, ಕೆಲವೊಮ್ಮೆ ನಲವತ್ತು ಡಿಗ್ರಿ ಕೆಳಗೆ ಇಳಿಯುತ್ತದೆ. ಪ್ರಾಂತದ ರಾಜಧಾನಿ ವಿನಿಪೆಗ್‌ಗೆ ರಸ್ತೆಯಲ್ಲಿ ಸುಮಾರು 800 ಕಿಲೋಮೀಟರ್. ನೆಲದಡಿ ಅದಿರು, ನೆಲದ ಮೇಲೆ ಆರೇಳು ತಿಂಗಳ ಹಿಮ. ಕೆಲಸ ಮುಗಿಸಿ ಮೇಲೆ ಬಂದ ಗಂಡಸರಿಗೂ ಶಾಲೆ ಬಿಟ್ಟ ಹುಡುಗರಿಗೂ ಹೆಪ್ಪುಗಟ್ಟಿದ ಕೆರೆ ಬಿಟ್ಟರೆ ಹೋಗಲು ಬೇರೆ ಜಾಗವಿರಲಿಲ್ಲ.

ಗಣಿಗೆ ಬಂಡವಾಳ ಹೂಡಿದ್ದು ನ್ಯೂಯಾರ್ಕಿನ ಸಿರಿವಂತ ವಿಟ್ನಿ ಮನೆತನ. ಅಲ್ಲಿನ ಅದಿರು ಸುಲಭಕ್ಕೆ ಬಿಟ್ಟುಕೊಡುವಂಥದಲ್ಲ. ತಾಮ್ರ, ಸತು, ಅದರೊಳಗೆ ಅಷ್ಟಿಷ್ಟು ಚಿನ್ನ ಬೆಳ್ಳಿ, ಎಲ್ಲ ಗಂಧಕದೊಡನೆ ಬೆರೆತು ಕೂತಿತ್ತು. ಬೇರ್ಪಡಿಸುವ ದಾರಿ ಹುಡುಕಲು ವರ್ಷಗಳೇ ಹಿಡಿದವು. ಚರ್ಚಿಲ್ ನದಿಯ ಐಲೆಂಡ್ ಫಾಲ್ಸ್‌ನಲ್ಲಿ ವಿದ್ಯುತ್ ಕೇಂದ್ರ ಕಟ್ಟಿ ಕಾಡಿನ ಮೇಲೆ ತಂತಿ ಎಳೆದು ತಂದರು. ಇಷ್ಟೆಲ್ಲ ಮಾಡಿದ ಕಂಪನಿಗೆ ಆ ದೂರದ ಚಳಿಯಲ್ಲಿ ಕೆಲಸಗಾರರು ನಿಲ್ಲಬೇಕಿತ್ತು. ಒಳ್ಳೆಯ ಹಾಕಿ ಆಡುವವನಿಗೆ ಗಣಿಯಲ್ಲೊಂದು ಕೆಲಸ ಸಿಗುತ್ತಿತ್ತು. ಕಂಪನಿ ಅದನ್ನು ಪ್ರೀತಿಗೆ ಮಾಡಿತೋ ಲೆಕ್ಕಾಚಾರಕ್ಕೆ ಮಾಡಿತೋ ಎಂಬ ಚರ್ಚೆ ಬೇಡ, ಎರಡೂ ಇದ್ದಿರಬೇಕು. ಇಂದಿಗೂ ಬಾಂಬರ್ಸ್ ಆಡುವ ಒಳಾಂಗಣ ವಿಟ್ನಿ ಫೋರಂ ಆ ಮನೆತನದ ಹೆಸರಿನದೇ. ಸುಮಾರು 2,000 ಜನ ಹಿಡಿಸುವ ಕಟ್ಟಡ. ಊರಿನ ಈಗಿನ ಜನಸಂಖ್ಯೆಯೇ ಐದು ಸಾವಿರದ ಆಸುಪಾಸು ಎಂಬುದನ್ನು ನೆನೆದರೆ ಅದೆಷ್ಟು ದೊಡ್ಡದೆಂದು ಗೊತ್ತಾಗುತ್ತದೆ.

ಮೊದಲ ದಶಕಗಳಲ್ಲಿ ಬಾಂಬರ್ಸ್ ದೊಡ್ಡವರ ತಂಡ. ಆಮೇಲೆ ಜೂನಿಯರ್ ತಂಡವಾಗಿ ಹೆಸರು ಮಾಡಿತು. ಕೆನಡಾದಲ್ಲಿ ಜೂನಿಯರ್ ಹಾಕಿ ಎಂದರೆ ಹದಿನಾರರಿಂದ ಇಪ್ಪತ್ತರ ಪ್ರಾಯದ ಹುಡುಗರ ಆಟ. ಐಸ್ ಮೇಲೆ ಗೋಲು ಕಾಯುವ ಗೋಲಿ ಸೇರಿ ಆರು ಜನ, ಇಪ್ಪತ್ತು ನಿಮಿಷದ ಮೂರು ಅವಧಿ, ನಿಮಿಷಕ್ಕೊಮ್ಮೆ ಆಟಗಾರರ ಅದಲು ಬದಲು. ಇಪ್ಪತ್ತು ದಾಟಿದರೆ ಮುಗಿಯಿತು: ಕೆಲವೇ ಕೆಲವರು ವೃತ್ತಿಪರರ ನ್ಯಾಷನಲ್ ಹಾಕಿ ಲೀಗ್ ಕಡೆಗೆ, ಉಳಿದವರು ಕಾಲೇಜಿಗೋ ಕೆಲಸಕ್ಕೋ. ಹಾಗಾಗಿ ಜೂನಿಯರ್ ತಂಡದಲ್ಲಿ ಯಾವ ಹುಡುಗನೂ ಮೂರ್ನಾಲ್ಕು ವರ್ಷಕ್ಕಿಂತ ಹೆಚ್ಚು ಉಳಿಯುವುದಿಲ್ಲ. ತಂಡದ ನೆನಪನ್ನೆಲ್ಲ ಹೊತ್ತು ನಡೆಯಬೇಕಾದವರು ಊರಿನವರೇ.

ಫ್ಲಿನ್ ಫ್ಲಾನ್ ಇರುವುದು ಮ್ಯಾನಿಟೋಬಾ ಮತ್ತು ಸಸ್ಕಾಚೆವಾನ್ ಪ್ರಾಂತಗಳ ಗಡಿಯ ಮೇಲೆ. ಗಡಿಗೆರೆ ಊರನ್ನೇ ಸೀಳಿಕೊಂಡು ಹೋಗುತ್ತದೆ, ಒಂದು ತುಂಡು ಸಸ್ಕಾಚೆವಾನ್ ಕಡೆಗೆ ಬೀಳುತ್ತದೆ. ಸಸ್ಕಾಚೆವಾನ್‌ನಲ್ಲೇ ಇರುವ ಕ್ರೈಟನ್, ತನ್ನ ಪ್ರಾಂತದ ಗಡಿಯಾರ ಬಿಟ್ಟು ಫ್ಲಿನ್ ಫ್ಲಾನ್‌ನ ಹೊತ್ತಿಗೇ ನಡೆಯುತ್ತದೆ. ತಂಡದ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಹೆಸರಿಗೆ ಮ್ಯಾನಿಟೋಬಾದ ತಂಡವಾದರೂ ಬಾಂಬರ್ಸ್ ಹೆಚ್ಚಾಗಿ ಆಡಿದ್ದು ಸಸ್ಕಾಚೆವಾನ್ ಲೀಗ್‌ನಲ್ಲಿ. 1950ರ ದಶಕದಲ್ಲಿ ಅಲ್ಲಿ ಅವರು ಮೇಲಿಂದ ಮೇಲೆ ಗೆದ್ದರು.

ಆಮೇಲೆ ಬಂದದ್ದು 1957.

ಮೆಮೋರಿಯಲ್ ಕಪ್ ಕೆನಡಾದ ಜೂನಿಯರ್ ಹಾಕಿಯ ಅತಿ ದೊಡ್ಡ ಪ್ರಶಸ್ತಿ. ಮೊದಲ ಮಹಾಯುದ್ಧದಲ್ಲಿ ಮಡಿದ ಕೆನಡಾದ ಸೈನಿಕರ ನೆನಪಿಗೆ 1919ರಲ್ಲಿ ಇಟ್ಟದ್ದು. ಆಗಿನ ಪದ್ಧತಿಯಲ್ಲಿ ಪಶ್ಚಿಮದಲ್ಲಿ ಎಲ್ಲರನ್ನೂ ಸೋಲಿಸಿ ಅಬಟ್ ಕಪ್ ಗೆದ್ದ ತಂಡ, ಪೂರ್ವದಲ್ಲಿ ಗೆದ್ದುಬಂದ ತಂಡದೊಡನೆ ಏಳು ಪಂದ್ಯಗಳ ಸರಣಿ ಆಡಬೇಕು. ಆ ವರ್ಷ ಪಶ್ಚಿಮದಿಂದ ಬಂದವರು ಬಾಬಿ ಕರ್ಕ್ ಕೋಚ್ ಆಗಿದ್ದ ಬಾಂಬರ್ಸ್. ಪೂರ್ವದಿಂದ ಒಟ್ಟಾವಾ ಕೆನೇಡಿಯನ್ಸ್. ಅದು ಮಾಂಟ್ರಿಯಲ್‌ನ ಬಲಾಢ್ಯ ವೃತ್ತಿಪರ ಕ್ಲಬ್ ತನ್ನ ನಾಳಿನ ಆಟಗಾರರನ್ನು ತಯಾರು ಮಾಡುತ್ತಿದ್ದ ಗರಡಿ. ಅದನ್ನು ನಡೆಸುತ್ತಿದ್ದವರು ಸ್ಯಾಮ್ ಪೊಲಾಕ್, ಅವರ ಕೈಕೆಳಗೆ ಯುವಕ ಸ್ಕಾಟಿ ಬೋಮನ್. ಮುಂದೆ ಪೊಲಾಕ್ ಜನರಲ್ ಮ್ಯಾನೇಜರ್ ಆಗಿ ಮಾಂಟ್ರಿಯಲ್‌ಗೆ ನ್ಯಾಷನಲ್ ಹಾಕಿ ಲೀಗ್‌ನ ಕಿರೀಟವಾದ ಸ್ಟ್ಯಾನ್ಲಿ ಕಪ್ ಅನ್ನು ಒಂಬತ್ತು ಸಲ ತಂದುಕೊಟ್ಟರು. ಬೋಮನ್ ಕೋಚ್ ಆಗಿ ಒಂಬತ್ತು ಗೆದ್ದರು. ಐಸ್ ಹಾಕಿಯ ಇತಿಹಾಸದಲ್ಲೇ ಅವರಿಗಿಂತ ಚತುರರಾದ ಜೋಡಿಯನ್ನು ಹುಡುಕುವುದು ಕಷ್ಟ. ಅವರ ತಂಡದಲ್ಲಿ ರಾಲ್ಫ್ ಬ್ಯಾಕ್‌ಸ್ಟ್ರಾಮ್‌ನಂಥ ಆಟಗಾರರಿದ್ದರು.

ಇತ್ತ ಗಣಿಯೂರಿನ ತಂಡದ ಕ್ಯಾಪ್ಟನ್ ಟೆಡ್ ಹ್ಯಾಂಪ್ಸನ್. ಎತ್ತರ ಕಡಿಮೆ, ಸ್ಕೇಟಿಂಗ್‌ನಲ್ಲಿ ಹಿಡಿಯಲಾಗದ ವೇಗ. ಗೋಲಿ ಜಾರ್ಜ್ ವುಡ್. ಅದೇ ಊರಲ್ಲಿ ಹುಟ್ಟಿದ ಮೆಲ್ ಪಿಯರ್ಸನ್. ಪ್ಯಾಡಿ ಜಿನೆಲ್ ಎಂಬ ಗಟ್ಟಿಗ, ಇವನ ಹೆಸರು ಮುಂದೆ ಮತ್ತೆ ಬರುತ್ತದೆ. ಅಂತಿಮ ಹಂತಕ್ಕೆ ಬೇರೆ ತಂಡಗಳಿಂದ ಒಂದಿಬ್ಬರನ್ನು ಎರವಲು ಪಡೆಯಲು ನಿಯಮದಲ್ಲಿ ಅವಕಾಶವಿತ್ತು. ಹಾಗೆ ಬಂದವರಲ್ಲೊಬ್ಬ ಓರ್‌ಲ್ಯಾಂಡ್ ಕರ್ಟನ್‌ಬಾಕ್, 1970ರಲ್ಲಿ ವ್ಯಾಂಕೂವರ್ ತಂಡ ನ್ಯಾಷನಲ್ ಲೀಗ್‌ಗೆ ಬಂದಾಗ ಅದರ ಮೊದಲ ಕ್ಯಾಪ್ಟನ್ ಆದವನು. ಸರಣಿಯ ಕೆಲವು ಪಂದ್ಯ ಫ್ಲಿನ್ ಫ್ಲಾನ್‌ನಲ್ಲಿ, ಉಳಿದವು ದಕ್ಷಿಣದ ರೆಜೈನಾ ನಗರದಲ್ಲಿ. ಮೂರು ಮೂರು ಸಮವಾಗಿ ಏಳನೆಯದಕ್ಕೆ ಬಂತು. ಏಳನೆಯದನ್ನು ಬಾಂಬರ್ಸ್ ಗೆದ್ದರು.

ಗೆದ್ದ ಹುಡುಗರು ಊರಿಗೆ ಮರಳಿದಾಗ ಏನಾಗಿರಬಹುದೆಂದು ಊಹಿಸಲು ಹೆಚ್ಚು ಕಷ್ಟಪಡಬೇಕಾಗಿಲ್ಲ. ಆ ಗೆಲುವಿನಲ್ಲಿ ನನಗೆ ಮುಖ್ಯವೆನಿಸುವುದು ಬೇರೆಯೇ. ಒಟ್ಟಾವಾ ತಂಡದ ಹುಡುಗರನ್ನು ದೇಶದ ಉದ್ದಗಲ ಜಾಲಾಡಿ ಆರಿಸಿ ತಂದಿದ್ದರು. ಫ್ಲಿನ್ ಫ್ಲಾನ್‌ಗೆ ಬಂದವರು ಉತ್ತರದ ಮತ್ತು ಹುಲ್ಲುಗಾವಲು ಸೀಮೆಯ ಸಣ್ಣ ಊರುಗಳ ಮಕ್ಕಳು. ದೊಡ್ಡ ಕ್ಲಬ್‌ನ ದುಡ್ಡೂ ಇಬ್ಬರು ಮಹಾ ತಂತ್ರಜ್ಞರ ತಲೆಯೂ ಒಂದು ಕಡೆ ಇದ್ದಾಗ, ಇನ್ನೊಂದು ಕಡೆಯವರು ಏಳು ಪಂದ್ಯಗಳವರೆಗೆ ಎದುರು ನಿಂತು ಗೆದ್ದರು. ಮೆಮೋರಿಯಲ್ ಕಪ್ ಮತ್ತೆ ಆ ಊರಿಗೆ ಬರಲಿಲ್ಲ. ಒಮ್ಮೆ ಬಂದದ್ದರ ಹೆಮ್ಮೆ ಎಪ್ಪತ್ತು ವರ್ಷಕ್ಕೆ ಸಾಕಾಗಿದೆ.

ಜಿನೆಲ್ 1966ರಲ್ಲಿ ಕೋಚ್ ಆಗಿ ಅದೇ ಊರಿಗೆ ಹಿಂದಿರುಗಿದ. ಕಟ್ಟುನಿಟ್ಟಿನ ಮನುಷ್ಯ. ಅವನ ತಂಡ ಮೈಗೆ ಮೈ ತಾಗಿಸಿ ಆಡುತ್ತಿತ್ತು. ವಿಟ್ನಿ ಫೋರಂಗೆ ಆಡಲು ಬರುವ ಎದುರಾಳಿಗಳಿಗೆ ಬಸ್ಸಿನಲ್ಲೇ ಹೊಟ್ಟೆ ತೊಳಸುತ್ತಿತ್ತೆಂದು ಹೇಳುತ್ತಾರೆ. ಹುಡುಗರಿಗೆ ಗಣಿಯಲ್ಲಿ ಅರೆಹೊತ್ತಿನ ಕೆಲಸ, ಆಮೇಲೆ ಅಭ್ಯಾಸ. ಜಿನೆಲ್ ಬಂದ ವರ್ಷ ತಂಡದಲ್ಲಿ ಇಬ್ಬರು ಹುಡುಗರಿದ್ದರು. ಅವರಿಂದಾಗಿ ಫ್ಲಿನ್ ಫ್ಲಾನ್ ಹೆಸರು ಹಾಕಿ ಗೊತ್ತಿರುವ ಪ್ರಪಂಚಕ್ಕೆಲ್ಲ ಗೊತ್ತಾಯಿತು.

ಒಬ್ಬ ಊರಿನವನೇ, ಬಾಬಿ ಕ್ಲಾರ್ಕ್. 1949ರ ಆಗಸ್ಟ್ 13ರಂದು ಹುಟ್ಟಿದವನು, ತಂದೆ ಗಣಿ ಕಾರ್ಮಿಕ. ಹರೆಯಕ್ಕೆ ಕಾಲಿಡುವಾಗಲೇ ಅವನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದ ಬಗೆಯದು. ಇನ್ನೊಬ್ಬ ರೆಜಿ ಲೀಚ್, ಕ್ಲಾರ್ಕ್‌ಗಿಂತ ಎಂಟು ತಿಂಗಳು ಚಿಕ್ಕವನು, ವಿನಿಪೆಗ್ ಸರೋವರದ ದಡದ ರಿವರ್‌ಟನ್ ಎಂಬ ಪುಟ್ಟ ಊರಿನವನು. ಒಜಿಬ್ವೆ ಮೂಲನಿವಾಸಿ ಜನಾಂಗದ ಹುಡುಗ, ಅಜ್ಜ ಅಜ್ಜಿಯ ಮನೆಯಲ್ಲಿ ಬಡತನದಲ್ಲಿ ಬೆಳೆದವನು. ಅವನು ಸ್ಕೇಟ್ ಕಟ್ಟಿದ್ದೇ ಹತ್ತರ ವಯಸ್ಸಿಗೆ, ಅದೂ ಎರವಲು ತಂದದ್ದು. ಕೆನಡಾದಲ್ಲಿ ಮಕ್ಕಳು ನಾಲ್ಕಕ್ಕೇ ಐಸ್ ಮೇಲೆ ನಿಲ್ಲುತ್ತಾರೆ. ಹತ್ತು ಎಂದರೆ ತೀರಾ ತಡ. ಆದರೂ ಅವನ ಹೊಡೆತದ ಬಿರುಸಿಗೆ ಮುಂದೆ ‘ರಿವರ್‌ಟನ್ ರೈಫಲ್’ ಎಂಬ ಹೆಸರು ಬಿತ್ತು.

ಕ್ಲಾರ್ಕ್ ಪಾಸ್ ಕೊಡುತ್ತಿದ್ದ, ಲೀಚ್ ಗೋಲು ಹೊಡೆಯುತ್ತಿದ್ದ. 1966–67ರಲ್ಲಿ ಬಾಂಬರ್ಸ್ ಮ್ಯಾನಿಟೋಬಾ ಜೂನಿಯರ್ ಲೀಗ್‌ನಲ್ಲಿ ಆಡಿದರು. ಆ ಒಂದು ಋತುವಿನ 45 ಪಂದ್ಯಗಳಲ್ಲಿ ಹದಿನೇಳರ ಕ್ಲಾರ್ಕ್ 71 ಗೋಲು ಹೊಡೆದು ಇನ್ನೂ 112 ಗೋಲುಗಳಿಗೆ ದಾರಿ ಮಾಡಿಕೊಟ್ಟ. ಲೀಚ್ 67 ಗೋಲು ಹೊಡೆದ. ಮರುವರ್ಷ ಬಾಂಬರ್ಸ್ ಹೊಸದಾಗಿ ಎದ್ದ ಪಶ್ಚಿಮ ಕೆನಡಾ ಲೀಗ್ ಸೇರಿದರು. ಎದುರಾಳಿಗಳು ಇನ್ನೂ ಬಲವಾದವರು. ಲೀಚ್ 59 ಪಂದ್ಯಗಳಲ್ಲಿ 87 ಗೋಲು ಹೊಡೆದ, ಕ್ಲಾರ್ಕ್ 117 ಪಾಸ್‌ಗಳ ಲೆಕ್ಕ ಬರೆಸಿದ. ಅಂಕಿಗಳು ಕೆಲವು ಸಲ ಕಣ್ಣು ಮಂಕು ಮಾಡುತ್ತವೆ, ನಿಜ. ಆದರೆ ಈ ಅಂಕಿಗಳ ಹಿಂದೆ ಇಬ್ಬರು ಹುಡುಗರು ಒಬ್ಬರನ್ನೊಬ್ಬರು ನೋಡದೆಯೇ ಎಲ್ಲಿದ್ದಾರೆಂದು ತಿಳಿಯುವಷ್ಟು ಕೂಡಿ ಆಡಿದ್ದು ಕಾಣುತ್ತದೆ. ತಂಡ 1969 ಮತ್ತು 1970ರಲ್ಲಿ ಪಶ್ಚಿಮ ಕೆನಡಾ ಲೀಗ್ ಗೆದ್ದಿತು. ಆದರೆ ಆ ಲೀಗ್ ಕೆನಡಾದ ಹಾಕಿ ಸಂಸ್ಥೆಯೊಡನೆ ಜಗಳವಾಡಿ ಹೊರಬಂದಿತ್ತು, ಹಾಗಾಗಿ ಮೆಮೋರಿಯಲ್ ಕಪ್‌ಗೆ ಆಡುವ ಹಕ್ಕೇ ಅವರಿಗಿರಲಿಲ್ಲ. ಬಾಂಬರ್ಸ್‌ನ ಚರಿತ್ರೆಯಲ್ಲಿ 1957ರ ತಂಡಕ್ಕಿಂತ ಇದೇ ಬಲವಾದ ತಂಡ ಎಂಬುದು ನನ್ನ ನಂಬಿಕೆ. ದೊಡ್ಡವರ ಕಿತ್ತಾಟದಲ್ಲಿ ಆ ಹುಡುಗರಿಗೆ ಅದನ್ನು ತೋರಿಸುವ ಅವಕಾಶ ತಪ್ಪಿತು. ಇಷ್ಟು ವರ್ಷಗಳ ನಂತರವೂ ಅದನ್ನು ಅನ್ಯಾಯವೆಂದೇ ಕರೆಯಬೇಕು.

ಜಿನೆಲ್ ಮಾಡಿದ ದೊಡ್ಡ ಕೆಲಸ ಐಸ್ ಮೇಲಿನದಲ್ಲ. ಕ್ಲಾರ್ಕ್ ಎಷ್ಟೇ ಚೆನ್ನಾಗಿ ಆಡಿದರೂ ವೃತ್ತಿಪರ ತಂಡಗಳು ಅವನ ಕಾಯಿಲೆಗೆ ಹೆದರುತ್ತವೆಂದು ಜಿನೆಲ್‌ಗೆ ಗೊತ್ತಿತ್ತು. ಹುಡುಗನನ್ನು ಅಮೆರಿಕದ ಮಿನೆಸೋಟಾ ರಾಜ್ಯದ ಮೇಯೋ ಕ್ಲಿನಿಕ್‌ಗೆ ಕರೆದುಕೊಂಡು ಹೋದ. ಮೈಯ ಮೇಲೆ ಎಚ್ಚರವಿಟ್ಟುಕೊಂಡರೆ ವೃತ್ತಿಪರ ಹಾಕಿ ಆಡಲು ಅಡ್ಡಿಯಿಲ್ಲ ಎಂದು ಅಲ್ಲಿನ ವೈದ್ಯರು ಹೇಳಿದರು. ಅಷ್ಟಾದರೂ 1969ರ ಜೂನ್‌ನಲ್ಲಿ ನ್ಯಾಷನಲ್ ಲೀಗ್‌ನ ಆಯ್ಕೆ ನಡೆದಾಗ ಎಲ್ಲ ತಂಡಗಳೂ ಒಮ್ಮೆಯಾದರೂ ಅವನನ್ನು ಬಿಟ್ಟು ಮುಂದೆ ಹೋದವು. ಫಿಲಡೆಲ್ಫಿಯಾ ಫ್ಲೈಯರ್ಸ್ ಕೂಡ ಮೊದಲ ಸುತ್ತಿನಲ್ಲಿ ಬೇರೊಬ್ಬನನ್ನು ಆರಿಸಿತು. ಅವರ ಆಟಗಾರರನ್ನು ಹುಡುಕುವ ಕೆಲಸದಲ್ಲಿದ್ದ ಗೆರಿ ಮೆಲ್ನಿಕ್ ಪಟ್ಟು ಹಿಡಿದ ಮೇಲೆ ಎರಡನೆಯ ಸುತ್ತಿನಲ್ಲಿ, 17ನೆಯವನಾಗಿ, ಕ್ಲಾರ್ಕ್‌ನ ಹೆಸರು ಕೂಗಿದರು.

ಮೊದಲ ತರಬೇತಿ ಶಿಬಿರದಲ್ಲೇ, ಬೆಳಗಿನ ತಿಂಡಿ ಬಿಟ್ಟು ಐಸ್‌ಗೆ ಇಳಿದು ಎರಡು ಸಲ ಮೂರ್ಛೆ ಬಿದ್ದ. ತಂಡದ ಟ್ರೇನರ್ ಫ್ರಾಂಕ್ ಲೂಯಿಸ್ ಅವನ ಊಟ, ಸಕ್ಕರೆ, ಹಣ್ಣಿನ ರಸ ಯಾವಾಗ ಎಷ್ಟು ಎಂದು ಪಟ್ಟಿ ಬರೆದು ಪಂದ್ಯದ ನಡುವೆಯೂ ಪಾಲಿಸುವಂತೆ ಮಾಡಿದ. ಅಲ್ಲಿಂದಾಚೆ ನಡೆದದ್ದು ಹಾಕಿ ಚರಿತ್ರೆಯ ಪಾಠ: 23ರ ಹರೆಯದಲ್ಲಿ ಫ್ಲೈಯರ್ಸ್ ಕ್ಯಾಪ್ಟನ್, 1974 ಮತ್ತು 1975ರಲ್ಲಿ ಸ್ಟ್ಯಾನ್ಲಿ ಕಪ್, ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಮೂರು ಸಲ. ಸಕ್ಕರೆ ಕಾಯಿಲೆಯ ಮಕ್ಕಳು ಆಟಕ್ಕಿಳಿಯಬಾರದು ಎನ್ನುತ್ತಿದ್ದ ಕಾಲದಲ್ಲಿ ಅವನು ಇದನ್ನೆಲ್ಲ ಮಾಡಿದ. ಮನೆಮನೆಯಲ್ಲೂ ಆ ಕಾಯಿಲೆ ಕಂಡಿರುವ ನಮಗೆ ಅದರ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅವನ ಆಟದಲ್ಲಿ ಒರಟುತನವೂ ಇತ್ತು. 1972ರಲ್ಲಿ ಕೆನಡಾ ಮತ್ತು ಸೋವಿಯತ್ ಒಕ್ಕೂಟದ ನಡುವೆ ನಡೆದ ಹೆಸರಾಂತ ಸರಣಿಯ ಆರನೆಯ ಪಂದ್ಯದಲ್ಲಿ ಕ್ಲಾರ್ಕ್ ಕೋಲು ಬೀಸಿ ವಲೇರಿ ಖರ್ಲಾಮೋವ್‌ನ ಕಣಕಾಲಿಗೆ ಹೊಡೆದ. ಸೋವಿಯತ್ ತಂಡದ ಅತಿ ಸೊಗಸಿನ ಆಟಗಾರ ಮುಂದಿನ ಪಂದ್ಯಕ್ಕೆ ಇಳಿಯಲಾಗಲಿಲ್ಲ. ಸ್ಮರಣ ಸಂಚಿಕೆಗಳಲ್ಲಿ ಇಂಥದನ್ನು ಬಿಟ್ಟುಬಿಡುವ ರೂಢಿಯಿದೆ. ಬಿಡಬಾರದು. ಗೆಲ್ಲಲೇಬೇಕೆಂಬ ಹಟವನ್ನು ಆ ಊರು, ಆ ತಂಡ ಹುಡುಗರಿಗೆ ಕಲಿಸಿತು. ಆ ಹಟದ ಒಳ್ಳೆಯದೂ ಕೆಟ್ಟದ್ದೂ ಒಬ್ಬನಲ್ಲೇ ಕಂಡವು.

ಲೀಚ್‌ನ ದಾರಿ ಬೇರೆ. 1970ರಲ್ಲಿ ಬಾಸ್ಟನ್ ಅವನನ್ನು ಮೂರನೆಯವನಾಗಿ ಆರಿಸಿತು, ಅಲ್ಲಿ ಅವನು ನೆಲೆ ಕಾಣಲಿಲ್ಲ. 1974ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ಹಳೆಯ ಗೆಳೆಯ ಕ್ಲಾರ್ಕ್‌ನ ಪಕ್ಕ ನಿಂತ ಮೇಲೆ ಬೇರೆಯೇ ಆಟಗಾರನಾದ. 1975–76ರ ಋತುವಿನಲ್ಲಿ 61 ಗೋಲು, ಆಮೇಲಿನ ಪ್ಲೇ ಆಫ್‌ನಲ್ಲಿ 19. ಅಂತಿಮ ಸರಣಿಯಲ್ಲಿ ಫ್ಲೈಯರ್ಸ್ ಸೋತರೂ ಶ್ರೇಷ್ಠ ಆಟಗಾರನ ಕಾನ್ ಸ್ಮೈತ್ ಟ್ರೋಫಿ ಲೀಚ್‌ಗೇ ಬಂತು. ಸೋತ ತಂಡದಲ್ಲಿದ್ದು ಅದನ್ನು ಪಡೆದ, ಗೋಲಿಯಲ್ಲದ ಮೊದಲ ಆಟಗಾರ ಅವನು. ಎರಡನೆಯವನು ಬರಲು 2024ರವರೆಗೆ ಕಾಯಬೇಕಾಯಿತು. ಕುಡಿತ ಅವನ ಬಾಳನ್ನು ಬಹಳ ಕಾಲ ಕೆಡಿಸಿತು. 1985ರಲ್ಲಿ ಅದನ್ನು ಬಿಟ್ಟ. ಆಮೇಲಿನ ದಶಕಗಳಲ್ಲಿ ಮೂಲನಿವಾಸಿ ಸಮುದಾಯಗಳ ಮಕ್ಕಳ ಮುಂದೆ ನಿಂತು ತನ್ನ ತಪ್ಪುಗಳನ್ನು ಮುಚ್ಚಿಡದೆ ಹೇಳುತ್ತ ಊರೂರು ಸುತ್ತಿದ್ದಾನೆ. 61 ಗೋಲಿಗಿಂತ ದೊಡ್ಡ ಕೆಲಸ ಅದು.

ಇವರಿಬ್ಬರ ಹೆಸರಿನ ಬೆಳಕಿನಲ್ಲಿ ಉಳಿದವರು ಮಸುಕಾಗಬಾರದು. 1961ರಲ್ಲಿ ಷಿಕಾಗೋ ತಂಡದೊಡನೆ ಸ್ಟ್ಯಾನ್ಲಿ ಕಪ್ ಗೆದ್ದ ಎರಿಕ್ ನೆಸ್ಟರೆಂಕೊ ಹುಟ್ಟಿದ್ದು ಫ್ಲಿನ್ ಫ್ಲಾನ್‌ನಲ್ಲಿ. ಗೋಲಿ ಎರ್ನಿ ವೇಕ್ಲಿ, ಎಡ್ಮಂಟನ್‌ನ ಆಲ್ ಹ್ಯಾಮಿಲ್ಟನ್, ಗೆರಿ ಹಾರ್ಟ್, ನ್ಯಾಷನಲ್ ಲೀಗ್‌ನಲ್ಲಿ ಆಡಿ ಮುಂದೆ ಅಲ್ಲೇ ಕೋಚ್ ಆದ ಡೀನ್ ಎವಸನ್, ಎಲ್ಲರೂ ಅಲ್ಲಿ ಹುಟ್ಟಿದವರು. ತಮ್ಮ ಊರನ್ನು ಬಿಟ್ಟು ಬಾಂಬರ್ಸ್‌ಗೆ ಆಡಲು ಬಂದು ಮೇಲೇರಿದವರ ಪಟ್ಟಿ ಇನ್ನೂ ಉದ್ದ.

1978 ಊರಿಗೆ ಕೆಟ್ಟ ವರ್ಷ. ಪಶ್ಚಿಮ ಕೆನಡಾ ಲೀಗ್ ದೊಡ್ಡದಾಗುತ್ತ ಗಡಿ ದಾಟಿ ಅಮೆರಿಕದ ನಗರಗಳಿಗೆ ಹಬ್ಬಿತ್ತು. ಪ್ರಯಾಣದ ಖರ್ಚು ಏರಿತು. ಸಣ್ಣ ಊರಿನ ಟಿಕೆಟ್ ದುಡ್ಡಿನಲ್ಲಿ ಅದನ್ನು ತೂಗಿಸಲಾಗಲಿಲ್ಲ. ಆ ತಂಡ ಎಡ್ಮಂಟನ್ ಮಹಾನಗರಕ್ಕೆ ಹೊರಟುಹೋಯಿತು. ಹೋದದ್ದು ಲೀಗ್‌ನ ಜಾಗ ಮಾತ್ರ. ಬಾಂಬರ್ಸ್ ಹೆಸರನ್ನೂ ಕೆಂಗಂದು ಬಣ್ಣದ ಅಂಗಿಯನ್ನೂ ಊರಿನವರು ಬಿಟ್ಟುಕೊಡಲಿಲ್ಲ. ಉತ್ತರದ ಊರುಗಳ ಸಣ್ಣ ಲೀಗ್‌ನಲ್ಲಿ ಕೆಲವು ವರ್ಷ ಆಡಿ, 1984ರಲ್ಲಿ ಸಸ್ಕಾಚೆವಾನ್ ಜೂನಿಯರ್ ಲೀಗ್ ಸೇರಿದರು. ಈಗಿನ ಆಟದ ದರ್ಜೆ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಇದನ್ನು ಅವನತಿ ಎಂದು ಬರೆದವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಮೇಲಿನ ದರ್ಜೆ ಬೇಕೆಂದು ತಂಡವನ್ನೇ ಕಳೆದುಕೊಂಡ ಸಣ್ಣ ಊರುಗಳು ಕೆನಡಾದಲ್ಲಿ ಬೇಕಾದಷ್ಟಿವೆ. ಫ್ಲಿನ್ ಫ್ಲಾನ್ ಮೆಟ್ಟಿಲು ಇಳಿದು ತಂಡವನ್ನು ಉಳಿಸಿಕೊಂಡಿತು. 1993ರಲ್ಲಿ ಆ ಹೊಸ ಲೀಗ್‌ನ ಕಿರೀಟವನ್ನೂ ಗೆದ್ದಿತು.

ದೂರ ಮಾತ್ರ ಕಡಿಮೆಯಾಗಲಿಲ್ಲ. ಲೀಗ್‌ನ ಬೇರೆ ತಂಡಗಳೆಲ್ಲ ಸಸ್ಕಾಚೆವಾನ್‌ನಲ್ಲಿವೆ, ಹಲವು ತೀರಾ ದಕ್ಷಿಣದಲ್ಲಿ. ಕ್ರೈಟನ್‌ನಿಂದ ಕೆಳಗಿಳಿಯುವ ಹ್ಯಾನ್ಸನ್ ಲೇಕ್ ರಸ್ತೆ ಸುಮಾರು 300 ಕಿಲೋಮೀಟರ್ ಕಾಡಿನ ನಡುವೆಯೇ ಸಾಗುತ್ತದೆ. ಪಂದ್ಯ ಮುಗಿಸಿ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಳಗಿಗೆ ಊರು ಸೇರುವುದು ಆ ಹುಡುಗರ ಚಳಿಗಾಲದ ನಿತ್ಯಕರ್ಮ. 2018ರ ಏಪ್ರಿಲ್ 6ರಂದು ಅದೇ ಲೀಗ್‌ನ ಹಂಬೋಲ್ಟ್ ಬ್ರಾಂಕೋಸ್ ತಂಡದ ಬಸ್ಸು ನಿಪಾವಿನ್ ಊರಿಗೆ ಪ್ಲೇ ಆಫ್ ಪಂದ್ಯಕ್ಕೆ ಹೊರಟಿದ್ದಾಗ ಅಡ್ಡರಸ್ತೆಯಲ್ಲಿ ಲಾರಿಗೆ ಡಿಕ್ಕಿಯಾಗಿ 16 ಜನ ಸತ್ತರು, 13 ಜನ ಗಾಯಗೊಂಡರು. ಬಾಂಬರ್ಸ್ ಹುಡುಗರು ಆ ಋತುವಿನಲ್ಲಿ ಅವರೊಡನೆ ಆಡಿದವರು, ಅದೇ ಸೀಮೆಯ ರಸ್ತೆಗಳಲ್ಲಿ ಓಡಾಡಿದವರು. ಕೆನಡಾದ ಮನೆಮನೆಯ ಬಾಗಿಲಲ್ಲಿ ಜನ ಹಾಕಿ ಕೋಲುಗಳನ್ನು ನಿಲ್ಲಿಸಿ ದುಃಖ ಹೇಳಿಕೊಂಡ ದಿನಗಳವು. ಮಗನನ್ನು ಬಸ್ಸು ಹತ್ತಿಸಿದ ಯಾವ ತಾಯಿಗೂ ಅಂದು ಅದು ಬೇರೆ ಊರಿನ ಸುದ್ದಿಯಾಗಿರಲಿಲ್ಲ.

ಬೇರೆ ಊರುಗಳಿಂದ ಬಂದ ಹುಡುಗರು ಇರುವುದು ಎಲ್ಲಿ? ಊರಿನ ಮನೆಗಳಲ್ಲಿ. ಹದಿನೇಳು ಹದಿನೆಂಟರ ಅಪರಿಚಿತ ಹುಡುಗನನ್ನು ಸೆಪ್ಟೆಂಬರ್‌ನಿಂದ ವಸಂತದವರೆಗೆ ಮನೆಯಲ್ಲಿಟ್ಟುಕೊಂಡು, ಊಟ ಹಾಕಿ, ಬಟ್ಟೆ ಒಗೆಯಲು ಯಂತ್ರ ತೋರಿಸಿ, ಶಾಲೆಗೆ ಹೋದನೋ ಇಲ್ಲವೋ ಎಂದು ವಿಚಾರಿಸಿಕೊಳ್ಳುವ ಕುಟುಂಬಗಳಿಲ್ಲದೆ ಕೆನಡಾದ ಜೂನಿಯರ್ ಹಾಕಿಯೇ ಇಲ್ಲ. ನಮ್ಮಲ್ಲಿ ಓದಲು ಬಂದ ಬಡ ಹುಡುಗರಿಗೆ ವಾರಾನ್ನ ಹಾಕುತ್ತಿದ್ದ ಮನೆಗಳನ್ನು ನೆನೆಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಇಲ್ಲಿ ಏಳು ಮನೆಗಳ ಬದಲು ಒಂದೇ ಮನೆ. ತಂಡದಿಂದ ತಿಂಗಳಿಗಿಷ್ಟು ಎಂದು ಸ್ವಲ್ಪ ದುಡ್ಡು ಬರುತ್ತದೆ, ಬೆಳೆಯುವ ಆಟಗಾರ ಹುಡುಗನ ಹಸಿವಿಗೆ ಅದು ಎಲ್ಲಿ ಸಾಲುತ್ತದೆ? ಮನೆಯ ಸಣ್ಣ ಮಕ್ಕಳಿಗೆ ಅವನು ಅಣ್ಣನಾಗುತ್ತಾನೆ. ಎರಡು ವರ್ಷಕ್ಕೆ ಹೊರಡುತ್ತಾನೆ, ಇನ್ನೊಬ್ಬ ಬರುತ್ತಾನೆ.

ಉಳಿದ ಕೆಲಸವೂ ಹೀಗೆ ಜನರ ಕೈಯಿಂದಲೇ. ಇದು ಒಬ್ಬ ಸಿರಿವಂತನ ಸ್ವತ್ತಲ್ಲ, ಊರಿನವರ ಮಂಡಳಿ ನಡೆಸುವ ತಂಡ. ಟಿಕೆಟ್ ಹರಿಯುವವರು, ಅರ್ಧ ದುಡ್ಡು ಗೆದ್ದವರಿಗೆ ಅರ್ಧ ತಂಡಕ್ಕೆ ಎಂಬ ಲಾಟರಿ ಮಾರುವವರು, ಕಾಫಿ ಕೊಡುವವರು, ಎಲ್ಲ ಅಕ್ಕಪಕ್ಕದವರೇ. ಮುಖ್ಯ ಗೆಲುವುಗಳ ದಿನ ಅಭಿಮಾನಿಗಳು ಮೂಸ್ ಎಂಬ ದೈತ್ಯ ಜಿಂಕೆಯ ಕಾಲನ್ನು ಐಸ್ ಮೇಲೆ ಎಸೆಯುವ ರೂಢಿಯೂ ಅಲ್ಲುಂಟು. ಹೊರಗಿನವರು ಮುಖ ಸಿಂಡರಿಸಬಹುದು. ಬೇಟೆಯ ಮಾಂಸ ಅಡುಗೆಮನೆಯ ನಿತ್ಯದ ಸಾಮಗ್ರಿಯಾದ ಊರಿನಲ್ಲಿ ಅದು ತಮ್ಮದೇ ಬಗೆಯ ಹಬ್ಬ.

ಗಣಿಯ ಕತೆ ಬೇಗ ಹೇಳಿ ಮುಗಿಸುವಂಥದು, ಅನುಭವಿಸಲು ಮಾತ್ರ ದೀರ್ಘ. ಊರಿಗೆ ಹೆಸರು ಕೊಟ್ಟ ಮೊದಲ ಗಣಿ 1992ರಲ್ಲಿ ಬರಿದಾಯಿತು. ಎಂಬತ್ತು ವರ್ಷ ಉರಿದ ಕುಲುಮೆಯನ್ನು 2010ರಲ್ಲಿ ಆರಿಸಿದರು. 251 ಮೀಟರ್ ಎತ್ತರದ ಅದರ ಚಿಮಣಿಯಿಂದ ಹೊಗೆ ನಿಂತಿತು. ಕೊನೆಗೆ ಉಳಿದಿದ್ದ, 777 ಎಂಬ ಹೆಸರಿನ ಗಣಿ 2022ರ ಜೂನ್‌ನಲ್ಲಿ ಮುಚ್ಚಿತು. ಕೆಲಸ ಉಳಿದವರಲ್ಲಿ ಹಲವರು ಈಗ ಸ್ನೋ ಲೇಕ್‌ನ ಗಣಿಗೆ ಹೋಗಿ ಪಾಳಿಯ ದಿನಗಳನ್ನು ಅಲ್ಲೇ ಕಳೆದು ಬರುತ್ತಾರೆ. ಒಂದು ಕಾಲಕ್ಕೆ ಹತ್ತು ಸಾವಿರ ದಾಟಿದ್ದ ಜನಸಂಖ್ಯೆ ಅರ್ಧವಾಗಿದೆ. ಕಂಪನಿ ಕೊಡುತ್ತಿದ್ದ ಅರೆಹೊತ್ತಿನ ಕೆಲಸ ಬಹಳ ಹಿಂದೆಯೇ ಹೋಯಿತು. ಗಣಿ ಇದ್ದುದರಿಂದ ತಂಡ ಹುಟ್ಟಿತು ಎಂಬುದು ನಿಜ. ಗಣಿ ಹೋದ ಮೇಲೂ ತಂಡ ನಿಂತಿತು ಎಂಬುದೂ ಈಗ ಅಷ್ಟೇ ನಿಜ.

ಗಣಿಯ ನಂತರ ಬೆಂಕಿಯೂ ಊರನ್ನು ಪರೀಕ್ಷಿಸಿತು. 2025ರ ಮೇ ಕೊನೆಯಲ್ಲಿ ಕ್ರೈಟನ್ ಬಳಿ ಎದ್ದ ಕಾಡ್ಗಿಚ್ಚು ಊರಿನ ಅಂಚಿಗೇ ಬಂತು. ಸುಮಾರು ಐದು ಸಾವಿರ ಜನ, ಇಡೀ ಫ್ಲಿನ್ ಫ್ಲಾನ್, ಮನೆ ಬಿಟ್ಟು ಹೊರಡಬೇಕಾಯಿತು. ಪಕ್ಕದ ಡೆನೇರ್ ಬೀಚ್ ಹಳ್ಳಿಯಲ್ಲಿ 200ಕ್ಕೂ ಹೆಚ್ಚು ಮನೆಗಳು ಸುಟ್ಟವು. ಫ್ಲಿನ್ ಫ್ಲಾನ್‌ನ ಬೀದಿಗಳನ್ನು ಬೆಂಕಿ ಆರಿಸುವವರು ಉಳಿಸಿಕೊಂಡರು. ಜೂನ್ ಕೊನೆಗೆ ಜನ ಮರಳಿದರು.

ಶತಮಾನೋತ್ಸವಕ್ಕೆ ಅಲ್ಲಿಯವರು ಪುಸ್ತಕವೊಂದನ್ನು ತರುವುದಾದರೆ ಅದರಲ್ಲಿ ಹ್ಯಾಂಪ್ಸನ್, ಕ್ಲಾರ್ಕ್, ಲೀಚ್ ಚಿತ್ರಗಳು ಹೇಗೂ ಇರುತ್ತವೆ. ಹುಡುಗರಿಗೆ ಕೋಣೆ ಬಿಟ್ಟುಕೊಟ್ಟ ಮನೆಗಳ ಹೆಸರುಗಳೂ, ಬಸ್ಸು ಓಡಿಸಿದವರ, ಐಸ್ ಹಾಸಿದವರ ಹೆಸರುಗಳೂ ಒಂದೊಂದಾಗಿ ಅಚ್ಚಾಗಬೇಕು. ಅವರನ್ನು ಕಂಡ ಹಿರಿಯರು ಇನ್ನೂ ಊರಲ್ಲಿರುವಾಗಲೇ ಆ ಪಟ್ಟಿ ಬರೆಯಲು ಕೂರಬೇಕು.